ಘಮ ಗೊತ್ತಾಗದ ಮೈಲಮ್ಮನ ಬಿಸಿ ಚೀಸ್

ಬೆಳಕು ಹರಿಯುವ ಹೊತ್ತು. ದಾವಣಗೆರೆಯ ಹಳೇಪೇಟೆಯ ಓಣಿಯೊಂದರ ಕೊನೆಯಲ್ಲಿರುವ ಕೇಟರಿಂಗ್ ಅಡುಗೆಮನೆಯ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಮೈಲಮ್ಮ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದು, ಐಸ್ ಚೀಲಗಳನ್ನು ಬದಿಗಿಟ್ಟು, ಅಂಗೈಯಗಲದ ಬಿಳಿ ಚೀಸಿನ ಬಿಲ್ಲೆಯೊಂದನ್ನು ಎತ್ತಿಕೊಳ್ಳುತ್ತಾರೆ. ಸುತ್ತಿದ ಕಾಗದ ಬಿಡಿಸಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಆಮೇಲೆ ಅದನ್ನು ಹಿಡಿಯುವುದು ತಮ್ಮ ಮೂಗಿಗಲ್ಲ, ಪಕ್ಕದಲ್ಲಿ ಮಣೆಯ ಮೇಲೆ ಕುಳಿತ ಚೌಡವ್ವನ ಮೂಗಿಗೆ.

ಚೌಡವ್ವ ಕಣ್ಣು ಮುಚ್ಚಿ ಉಸಿರೆಳೆಯುತ್ತಾರೆ. "ಚಲೋ ಐತೆ, ಇಡು."

ಇನ್ನೊಂದು ಬಿಲ್ಲೆ ಬರುತ್ತದೆ. "ಇದು ಒಂಚೂರು ಬಲಿತೈತೆ. ಇವತ್ತೇ ಖಾಲಿ ಮಾಡು." ಮತ್ತೊಂದಕ್ಕೆ ಮುಖ ಹಿಂದಕ್ಕೆಳೆದುಕೊಳ್ಳುತ್ತಾರೆ. "ಬ್ಯಾಡ ಬ್ಯಾಡ. ಗಂಜಲ ನಾರಿದಂಗ ನಾರ್ತೈತೆ. ತೆಗಿ ಆ ಕಡಿಗೆ."

ಮೈಲಮ್ಮ ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ನೋಡಲು ಮೂರೂ ಬಿಲ್ಲೆಗಳು ಒಂದೇ ಥರ. ಮೈಲಮ್ಮನ ಮೂಗಿಗೂ ಮೂರೂ ಒಂದೇ. ಮೂರು ವರ್ಷದ ಹಿಂದೆ ಬಂದ ಜ್ವರವೊಂದು ಅವರ ವಾಸನೆಯ ಶಕ್ತಿಯನ್ನು ಪೂರ್ತಿ ಕಿತ್ತುಕೊಂಡು ಹೋಗಿದೆ. ಚೌಡವ್ವ ಈ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಹೆಂಗಸು. ಮೈಲಮ್ಮನ ಪಾಲಿಗೆ ಅವರೇ ಮೂಗು.

ಇವತ್ತು ಹರಿಹರದಲ್ಲೊಂದು ಮದುವೆ. ಊಟಕ್ಕೆ ಮುಂಚೆ ಬಂದವರ ಕೈಗೆ ಕೊಡುವ ತಿಂಡಿಗಳಲ್ಲಿ ಮೈಲಮ್ಮನ ಬಿಸಿ ಚೀಸ್ ಕೂಡ ಇದೆ. ಬೆಣ್ಣೆ ದೋಸೆ, ಮಂಡಕ್ಕಿ-ಮಿರ್ಚಿಯ ಊರಿಗೆ ಈ ತಿಂಡಿಯನ್ನು ತಂದವರು ಕೇಟರಿಂಗ್ ಮಾಲೀಕ ಶಿವಯೋಗಪ್ಪನವರ ಸೊಸೆ ತನುಶ್ರೀ. ಹೋಟೆಲ್ ಕೆಲಸ ಕಲಿತು ಬಂದ ಅವರು ಮದುವೆಯಾದ ವರ್ಷವೇ ಮಾವನಿಗೆ ಹೇಳಿ, ಮದುವೆಮನೆಗಳಿಗೆ ಹೊತ್ತೊಯ್ಯುವಂಥ ಒಂದು ಓವನ್ ತರಿಸಿದರು. ಮೆತ್ತನೆಯ ಚೀಸಿನ ಬಿಲ್ಲೆಯನ್ನು ಬೇಯಿಸಿ, ಮೇಲೆ ಸಿಹಿಯನ್ನೋ ಖಾರವನ್ನೋ ಹಾಕಿ, ಸುಟ್ಟ ಬ್ರೆಡ್ಡಿನ ಜತೆ ಕೊಡುವುದನ್ನು ಮೈಲಮ್ಮನಿಗೆ ಕಲಿಸಿದರು.

ಮೈಲಮ್ಮ ಆಗ ಹರಿಹರದ ಬೇಕರಿಯೊಂದರಲ್ಲಿ ಖಾರಾ ಬನ್ನು ಬೇಯಿಸುವ ಕೆಲಸ ಬಿಟ್ಟು ಹೊಸದಾಗಿ ಇಲ್ಲಿಗೆ ಸೇರಿದ್ದರು. ಬೇಕರಿಯಲ್ಲಿದ್ದಾಗ ಓವನ್ನಿನ ಬಾಗಿಲು ತೆರೆದು ನೋಡುತ್ತಿದ್ದುದೇ ಅಪರೂಪ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರೂ ಘಮ ಬಂದ ಕೂಡಲೇ ಒಳಗೋಡಿ ತಟ್ಟೆ ಎಳೆಯುತ್ತಿದ್ದರು.

"ಕಣ್ಣಿಗಿಂತ ಮೂಗು ಮುಂದ ಇತ್ರಿ ನಂದು. ಬೆಲ್ಲದ ಪಾಕ ಒಲಿ ಮ್ಯಾಲ ಇಟ್ಟು ಹಾಲಿನೋನ ಜತಿ ಮಾತಾಡ್ಕಂತ ನಿಂತಿರ್ತಿದ್ದೆ. ಪಾಕ ಬಂತು ಅಂತ ಮೂಗೇ ಕರೀತಿತ್ತು," ಎನ್ನುತ್ತಾರೆ ಮೈಲಮ್ಮ. ನಗಲು ಹೋಗುತ್ತಾರೆ. ನಗು ಪೂರ್ತಿಯಾಗುವುದಿಲ್ಲ.

ಕೈ ಮಾತ್ರ ನಿಂತಿಲ್ಲ. ಬಿಲ್ಲೆಯ ಮೇಲಿನ ಬಿಳಿ ಸಿಪ್ಪೆಯನ್ನು ಚಾಕುವಿನಿಂದ ಅಡ್ಡಡ್ಡ ಉದ್ದುದ್ದ ಗೀರುತ್ತಾರೆ. ಸಿಹಿಯದ್ದಕ್ಕೆ ಬೆಲ್ಲದ ಪಾಕದಲ್ಲಿ ಬೇಯಿಸಿದ ಖರ್ಜೂರ, ಹುರಿದ ಗೋಡಂಬಿ. ಖಾರದ್ದಕ್ಕೆ ಕೆಂಪಗೆ ಬಾಡಿಸಿದ ಈರುಳ್ಳಿ, ಸುಟ್ಟ ಬೆಳ್ಳುಳ್ಳಿ, ಶೇಂಗಾ, ಬ್ಯಾಡಗಿ ಮೆಣಸಿನಕಾಯಿಯ ತರಿ. ತನುಶ್ರೀ ಕಲಿಸಿದಾಗ ಅಂಜೂರ, ಅಕ್ರೋಟು, ಜೇನುತುಪ್ಪ ಇದ್ದವು. ಇಲ್ಲಿನವರ ನಾಲಿಗೆಗೆ ಹತ್ತಲಿ ಎಂದು ಇಬ್ಬರೂ ಕೂತು ಒಂದೊಂದಾಗಿ ಬದಲಿಸಿದರು. ಓವನ್ನಿನಲ್ಲಿ ಬಿಲ್ಲೆಯ ಹೊಟ್ಟೆ ಉಬ್ಬಿ, ಅಂಚು ನಡುಗತೊಡಗಿದರೆ ಒಳಗೆ ಕರಗಿದೆ ಎಂದು ಅರ್ಥ. ಮೈಲಮ್ಮ ಈಗ ಗಾಜಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಿರುತ್ತಾರೆ. ಎದ್ದಾಗ ಮೊಣಕಾಲು ಹಿಡಿದುಕೊಂಡಿರುತ್ತದೆ.

ಜ್ವರ ಬಂದಾಗ ವಾರವೊಪ್ಪತ್ತು ಮಲಗಿದ್ದರು. ಎದ್ದ ಮೇಲೆ ಕಾಫಿ ಬರೀ ಬಿಸಿನೀರಿನಂತೆ ಕಂಡಿತು. ಗಂಡ ಮಾಲತೇಶಪ್ಪ ಹರಿಹರದಲ್ಲಿ ಗೂಡ್ಸ್ ಆಟೊ ಓಡಿಸುತ್ತಾರೆ. ಪುಡಿ ಕಮ್ಮಿಯಾಗಿದೆಯೇನೋ ಎಂದು ಅವರು ಇನ್ನೊಂದು ಚಮಚ ಹಾಕಿ ಕೊಟ್ಟರು. ಅದು ಕಹಿಯಾಯಿತೇ ಹೊರತು ಕಾಫಿಯಾಗಲಿಲ್ಲ. ಡಾಕ್ಟರು, "ವಾಸನೆ ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು. ಬೆಳಿಗ್ಗೆ ಸಂಜೆ ಲವಂಗ, ನಿಂಬೆ, ನೀಲಗಿರಿ ಎಣ್ಣೆ ಮೂಸಿ ಮೂಗಿಗೆ ಅಭ್ಯಾಸ ಮಾಡಿಸಿ ಎಂದರು. ಮೈಲಮ್ಮ ವರ್ಷಕ್ಕೂ ಮೇಲ್ಪಟ್ಟು ಬಿಡದೆ ಮೂಸಿದರು. ಒಂದು ಸಂಜೆ ಲವಂಗದ ಡಬ್ಬಿಯನ್ನು ಎತ್ತಿ ಸಾಂಬಾರ ಪದಾರ್ಥಗಳ ಜತೆಗೇ ಇಟ್ಟುಬಿಟ್ಟರು.

"ಸಿಹಿ ಗೊತ್ತಾಗ್ತೈತ್ರಿ, ಉಪ್ಪು ಗೊತ್ತಾಗ್ತೈತೆ, ಖಾರ ಚುರ್ ಅಂತೈತೆ. ಅಷ್ಟೇ. ಬೆಳ್ಳುಳ್ಳಿಗೂ ಇದ್ದಿಲಿಗೂ ನನಗ ಫರಕ್ ಇಲ್ಲ. ಹೊಳಿಗೆ ಹೋದ್ರ ನೀರಿನ ವಾಸ್ನಿ ಇಲ್ಲ. ಮಳಿ ಬಂದ್ರ ಮಣ್ಣಿನ ವಾಸ್ನಿ ಇಲ್ಲ. ಟೀವಿಯಾಗ ನೋಡ್ದಂಗ ಆಗೈತ್ರಿ ಎಲ್ಲಾ."

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ತಮ್ಮ ಮೈ ಬೆವರು ತಮಗೇ ಗೊತ್ತಾಗುವುದಿಲ್ಲ. ಹರಿಹರದಿಂದ ಮೊದಲ ಬಸ್ಸು ಹಿಡಿಯುವ ಮುಂಚೆ ಎರಡೆರಡು ಸಲ ಸ್ನಾನ ಮಾಡುತ್ತಾರೆ. ಸೀರೆಯ ಸೆರಗನ್ನು ಗಂಡನ ಮುಖಕ್ಕೆ ಹಿಡಿದು, "ನಾರ್ತೈತೇನು, ಖರೇ ಹೇಳ್ರಿ" ಎಂದು ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕದವರು ಕಿಟಕಿ ತೆರೆದರೆ ಸಾಕು, ಎದ್ದು ನಿಂತುಬಿಡುತ್ತಾರೆ. ಮನೆಯಲ್ಲಿ ಒಲೆ ಹಚ್ಚುವವರು, ಆರಿಸುವವರು ಮಾಲತೇಶಪ್ಪನೇ. ಅನ್ನ ಸೀದರೂ ಗೊತ್ತಾಗದ ಹೆಂಡತಿಯನ್ನು ಗ್ಯಾಸಿನ ಜತೆ ಒಂಟಿಯಾಗಿ ಬಿಡಲು ಅವರಿಗೆ ಭಯ.

ಕೆಲಸದ ಜಾಗದಲ್ಲಿ ಮಾತ್ರ ಮೈಲಮ್ಮ ಬಾಯಿ ಬಿಡಲಿಲ್ಲ. ಅಡುಗೆಯವಳಿಗೆ ಮೂಗಿಲ್ಲ ಎಂದರೆ ಯಾರು ಇಟ್ಟುಕೊಳ್ಳುತ್ತಾರೆ? ಕಣ್ಣಳತೆಯಲ್ಲಿ, ಕೈಯಂದಾಜಿನಲ್ಲಿ ಹೇಗೋ ತಿಂಗಳುಗಳು ಉರುಳಿದವು. ಒಂದು ಬೆಳಿಗ್ಗೆ ಗ್ಯಾಸಿನ ಪೈಪು ಸಡಿಲವಾಗಿ ಸೋರುತ್ತಿತ್ತು. ಮೈಲಮ್ಮ ಅದರ ಪಕ್ಕದಲ್ಲೇ ನಿಂತು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಿದ್ದರು. ಬಾಗಿಲಿಗೆ ಬಂದ ಚೌಡವ್ವ ಕಿರುಚಿ, ಓಡಿಬಂದು ಕಡ್ಡಿಪೆಟ್ಟಿಗೆ ಕಿತ್ತುಕೊಂಡು ಕೆನ್ನೆಗೊಂದು ಬಾರಿಸಿದರು. ಆಮೇಲೆ ಮೈಲಮ್ಮನ ಬೆಪ್ಪಾದ ಮುಖ ನೋಡಿ, ಗ್ಯಾಸಿನ ವಾಸನೆ ಇವರಿಗೆ ಬಂದೇ ಇಲ್ಲ ಎಂದು ಚೌಡವ್ವನಿಗೆ ತಿಳಿಯಿತು.

"ಯಾರಿಗೂ ಹೇಳಬ್ಯಾಡಕ್ಕ," ಎಂದರು ಮೈಲಮ್ಮ.

ಚೌಡವ್ವ ಹೇಳಲಿಲ್ಲ. ಅದರ ಬದಲು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನಶ್ಯದ ಡಬ್ಬಿ ತೆಗೆದು ಮೋರಿಗೆ ಸುರಿದರು. ಹರೆಯದಿಂದ ಏರಿಸುತ್ತಿದ್ದ ನಶ್ಯ ಅದು. "ಇಬ್ಬರಿಗೂ ಕೂಡಿ ಒಂದ್ ಮೂಗರ ಸರಿ ಇರ್ಲಿ ಅಂತ ಬಿಟ್ಟೆ. ಮೊದಮೊದಲು ತಲಿ ಸಿಡಿದು ಹೋಗ್ತಿತ್ತು," ಎಂದು ಪಾತ್ರೆ ತಿಕ್ಕುತ್ತಲೇ ಹೇಳುತ್ತಾರೆ ಚೌಡವ್ವ. ಅಲ್ಲಿಂದಾಚೆ ಪಾಕ ಬಂದರೆ ಅವರು ಕೆಮ್ಮುವುದು, ಬೆಳ್ಳುಳ್ಳಿ ಸೀಯತೊಡಗಿದರೆ ಲೋಟ ಕುಟ್ಟುವುದು, ಹೀಗೆ ಇಬ್ಬರ ನಡುವೆ ಒಂದು ಗುಟ್ಟಿನ ಭಾಷೆಯೇ ಬೆಳೆಯಿತು.

ಆ ಗುಟ್ಟು ಒಡೆದದ್ದು ಹೋದ ಕಾರ್ತೀಕದಲ್ಲಿ. ಶಾಮನೂರಿನ ಹೊಸ ಬಡಾವಣೆಯೊಂದರಲ್ಲಿ ನಿಶ್ಚಿತಾರ್ಥ. ಚೌಡವ್ವ ಅವತ್ತು ಹರಕೆ ತೀರಿಸಲು ಉಕ್ಕಡಗಾತ್ರಿಯ ಗುಡಿಗೆ ಹೋಗಿದ್ದರು. ಹಿಂದಿನ ದಿನ ಅಡುಗೆಮನೆಯ ಫ್ರಿಜ್ ಕೆಟ್ಟು ನಿಂತದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಕಾಗದ ಸುತ್ತಿದ ಬಿಲ್ಲೆಗಳು ಹಾಗೇ ಪೆಟ್ಟಿಗೆ ಸೇರಿ ವ್ಯಾನು ಹತ್ತಿದವು. ಮೈಲಮ್ಮ ಪೆಟ್ಟಿಗೆ ತೆರೆದದ್ದು ಮನೆಯ ಹಿಂದೆ, ಊಟದ ಒಲೆಗಳಿಂದ ದೂರ ಹಾಕಿದ ಶಾಮಿಯಾನದ ಕೆಳಗೆ. ಬಿಲ್ಲೆಗಳು ತುಸು ಹೆಚ್ಚೇ ಮೆತ್ತಗಿದ್ದವು. ಬಿಸಿಲಿಗೆ ಇರಬೇಕು ಎಂದುಕೊಂಡರು. ಯಾರಿಗಾದರೂ ಮೂಸಿ ನೋಡಲು ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾರಲ್ಲ!

ಬೇಯಿಸಿದರು. ಬೆಲ್ಲ ಹೊಳೆಯುತ್ತಿತ್ತು, ಗೋಡಂಬಿ ಕೆಂಪಗಿತ್ತು. ನೋಡಲು ಅಷ್ಟು ಚೆಂದ ಅದಕ್ಕಿಂತ ಮುಂಚೆ ಎಂದೂ ಬಂದಿರಲಿಲ್ಲವಂತೆ. ಮೈಲಮ್ಮ ಸೆರಗು ಸರಿಪಡಿಸಿಕೊಂಡು ಕೌಂಟರಿನ ಹಿಂದೆ ನಿಂತು, "ಬರ್ರಿ, ತಗೊಳ್ರಿ" ಎಂದು ನಗುತ್ತ ಬಡಿಸತೊಡಗಿದರು. ಬಂದವರು ತಟ್ಟೆ ಹಿಡಿದರು. ಒಬ್ಬರು ಮುಖ ತಿರುಗಿಸಿದರು. ಇನ್ನೊಬ್ಬರು ಕರವಸ್ತ್ರ ತೆಗೆದರು. ಚಿಕ್ಕ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡು ಓಡಿದಳು. ಕೌಂಟರಿನ ಮುಂದಿನ ಸಾಲು ಕರಗುತ್ತ ಹೋಯಿತು. ಮೈಲಮ್ಮನಿಗೆ ಏನೂ ಅರ್ಥವಾಗಲಿಲ್ಲ. ಇನ್ನಷ್ಟು ನಕ್ಕರು. ಕೂಗಿ ಕರೆದರು.

ಹುಡುಗನ ಸೋದರತ್ತೆ ಶಾಂತಕುಮಾರಿ ಎಂಬವರು ತಟ್ಟೆಯನ್ನು ಕೌಂಟರಿನ ಮೇಲೆ ಕುಕ್ಕಿದರು. "ಕೊಳೆತು ನಾರ್ತೈತಲ್ಲಮ್ಮ! ನಿನಗ ಮೂಗು ಇಲ್ಲೇನು?"

ಎಲ್ಲರೂ ಸಿಟ್ಟಿನಲ್ಲಿ ಆಡುವ ಮಾತೇ. ಮೈಲಮ್ಮ ಮಾತ್ರ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟು, "ಇಲ್ರಿ," ಎಂದರು.

ಮೈಲಮ್ಮ ಗೇಲಿ ಮಾಡುತ್ತಿದ್ದಾರೆ ಎಂದುಕೊಂಡು ಆ ಹೆಣ್ಣುಮಗಳು ಮತ್ತಷ್ಟು ರೇಗಿದರು. ಮೈಲಮ್ಮ ಎಲ್ಲರ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿದರು. ಜ್ವರ ಬಂದದ್ದು, ವಾಸನೆ ಹೋದದ್ದು, ಮುಚ್ಚಿಟ್ಟದ್ದು. ಶಾಂತಕುಮಾರಿಯವರ ಸಿಟ್ಟು ಇಳಿಯಿತು. ಕೇಳಿದ ಕೆಲವರು ಪಾಪ ಎಂದರು, ಕೆಲವರು ಇಂಥವರನ್ನು ಯಾಕೆ ಕೆಲಸಕ್ಕಿಟ್ಟುಕೊಂಡಿದ್ದೀರಿ ಎಂದು ಶಿವಯೋಗಪ್ಪನವರನ್ನು ತರಾಟೆಗೆ ತೆಗೆದುಕೊಂಡರು. ತಿಂದವರು ಯಾರೂ ಇರಲಿಲ್ಲ, ಹಾಗಾಗಿ ಯಾರ ಹೊಟ್ಟೆಯೂ ಕೆಡಲಿಲ್ಲ. ಕೆಟ್ಟದ್ದು ಹೆಸರು. ಬುಕ್ ಆಗಿದ್ದ ಕೆಲವು ಮದುವೆಗಳು ಬೇರೆ ಕೇಟರಿಂಗಿನವರ ಪಾಲಾದವು.

"ಕೆಲಸದಿಂದ ತೆಗೀರಿ ಅಂತ ಮಂದಿ ಅಂದ್ರು. ಹತ್ತಾರು ವರ್ಷ ದುಡಿದಾಕಿ, ಹೆಂಗ ಕಳಿಸ್ಲಿ? ಆದ್ರ ನನಗೊಂದು ಮಾತು ಹೇಳಬೇಕಿತ್ತಲ್ಲ ಆಕಿ. ಅದು ಇನ್ನೂ ಚುಚ್ತೈತೆ," ಎನ್ನುತ್ತಾರೆ ಶಿವಯೋಗಪ್ಪ. ಅಂದಿನಿಂದ ಮೈಲಮ್ಮ ಕೌಂಟರಿನ ಮುಂದೆ ನಿಲ್ಲುವುದಿಲ್ಲ. ಹಿಂದೆ, ಪಾತ್ರೆ ತೊಳೆಯುವ ಜಾಗದ ಪಕ್ಕದಲ್ಲಿ ಬೇಯಿಸುತ್ತಾರೆ. ಮುಂದೆ ಬೇರೆಯವರು ಬಡಿಸುತ್ತಾರೆ.

ಅದೂ ಈ ಸೀಸನ್ನಿನ ಮಟ್ಟಿಗೆ. ಯುಗಾದಿಯ ನಂತರ ಚೌಡವ್ವ ಕೆಲಸ ಬಿಟ್ಟು ಭಾನುವಳ್ಳಿಯ ಮಗಳ ಮನೆಗೆ ಹೋಗುತ್ತಿದ್ದಾರೆ. ನೀರಿನಲ್ಲಿ ನಿಂತು ನಿಂತು ಅವರ ಕಾಲಿನ ಬೆರಳುಗಳು ಕೊಳೆತು ಗಾಯವಾಗಿವೆ. ಅವರು ಹೋದ ಮೇಲೆ ಬಿಸಿ ಚೀಸನ್ನು ಪಟ್ಟಿಯಿಂದ ತೆಗೆಯುವುದೆಂದು ತೀರ್ಮಾನವಾಗಿದೆ. ಅದರ ಜಾಗಕ್ಕೆ ಎಣ್ಣೆಗೆ ಬಿಟ್ಟು ತೆಗೆದರಾಯಿತು ಎನ್ನುವಂಥ ರೆಡಿಮೇಡ್ ರೋಲುಗಳು ಬರುತ್ತವೆ. ತನುಶ್ರೀ ಈ ಸುದ್ದಿ ಹೇಳುವಾಗ ಅತ್ತರಂತೆ. ಮೈಲಮ್ಮ ಅಳಲಿಲ್ಲ. "ಪಾತ್ರಿ ತಿಕ್ತೀನಿ ತಗೊಳ್ಳವ್ವ. ಅದಕ್ಕ ಮೂಗು ಬೇಕಾಗಂಗಿಲ್ಲ," ಎಂದರು.

ಬೇರೆ ಯಾರನ್ನಾದರೂ ನೆಚ್ಚಿಕೊಳ್ಳಬಹುದಲ್ಲ, ಇನ್ನೊಬ್ಬರು ಮೂಸಿ ಹೇಳಬಹುದಲ್ಲ ಎಂದರೆ ಮೈಲಮ್ಮ ತಲೆಯಾಡಿಸುತ್ತಾರೆ. "ಎಷ್ಟ್ ದಿನ ಅಂತ ಕೇಳ್ಲಿ? ಅಕ್ಕಗಾದ್ರ ನಾನು ಕೇಳೋದೇ ಬ್ಯಾಡಾಗಿತ್ತು. ಬೇರೆಯೋರ ಮುಂದ ಹಿಡಿಬೇಕು, ಅವರು ಮುಖ ಸಿಂಡರಿಸಬೇಕು, ನಾನು ನೋಡ್ಕಂತ ನಿಂದ್ರಬೇಕು. ಸಾಕಾಗೈತ್ರಿ."

ಹರಿಹರದ ಛತ್ರದಲ್ಲಿ ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳು ಖಾಲಿಯಾಗಿ ಹಿಂದಕ್ಕೆ ಬರುತ್ತಿವೆ. ಬಡಿಸುವವನು ಬಂದು, "ಸಿಹೀದು ಇನ್ನೂ ಕೇಳ್ತಾರ್ರಿ" ಎನ್ನುತ್ತಾನೆ. ಮೈಲಮ್ಮ ತಿರುಗಿ ನೋಡದೆ ಇನ್ನೊಂದು ತಟ್ಟೆಯನ್ನು ಓವನ್ನಿನೊಳಗೆ ತಳ್ಳುತ್ತಾರೆ. ಆಚೆ ಓಲಗ ಜೋರಾಗುತ್ತದೆ, ಯಾರೋ ಅಕ್ಷತೆ ಅಕ್ಷತೆ ಎಂದು ಕೂಗುತ್ತಾರೆ. ಊಟ ಶುರುವಾದ ಮೇಲೆ ಹಿಂಭಾಗದಲ್ಲಿ ಉಳಿಯುವುದು ಇವರಿಬ್ಬರೇ.

ಒಂದು ಬಿಲ್ಲೆ ಮಿಕ್ಕಿದೆ. ಚೌಡವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬ್ರೆಡ್ಡಿನ ತುಂಡಿನಿಂದ ಅದರ ನಡುವನ್ನು ಒಡೆಯುತ್ತಾರೆ. ಒಳಗಿನ ಚೀಸು ಬೆಲ್ಲದ ಜತೆ ಸೇರಿ ಮೆಲ್ಲಗೆ ಹರಿಯುತ್ತದೆ. "ಏನ್ ಘಮ ಐತೆ!" ಎಂದವರು ತಕ್ಷಣ ತುಟಿ ಕಚ್ಚಿಕೊಳ್ಳುತ್ತಾರೆ. ಆಮೇಲೆ ಆ ತುಂಡನ್ನು ಮೈಲಮ್ಮನ ಬಾಯಿಗೇ ಇಡುತ್ತಾರೆ. ಇಷ್ಟು ದಿನ ಬೇಯಿಸಿದರೂ ಜ್ವರ ಬಂದುಹೋದ ಮೇಲೆ ಮೈಲಮ್ಮ ಇದನ್ನು ಬಾಯಿಗೆ ಹಾಕಿಕೊಂಡಿರಲಿಲ್ಲ.

ಮೈಲಮ್ಮ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿಯುತ್ತಾರೆ.

"ಹೆಂಗೈತೆ?" ಎಂದು ಕೇಳುತ್ತಾರೆ ಚೌಡವ್ವ.

"ಸಿಹಿ ಐತಕ್ಕ."

"ಮತ್ತ?"

ಮೈಲಮ್ಮ ಇನ್ನೊಂದಿಷ್ಟು ಅಗಿಯುತ್ತಾರೆ, ಏನಾದರೂ ಸಿಗುತ್ತದೇನೋ ಎಂಬಂತೆ.

"ಬಿಸಿ ಐತೆ," ಎನ್ನುತ್ತಾರೆ.