ಹುಬ್ಬಿಗೆ ಗಾಯ ಇರಲಿಲ್ಲ

ಬನ್ನಿ, ಗೋಡೆಗೆ ಒರಗಿ ಕೂತ್ಕೊಳ್ಳಿ, ಹೇಳ್ತೀನಿ. ಶಿವಾಜಿನಗರದ ಕಡೆ ಒಂದು ಕಣ್ಣಾಸ್ಪತ್ರೇಲಿ ನಾನು ಆಯಾ ಆಗಿದ್ದೆ. ಹಲಸೂರಿನ ಹುಡುಗಿಯೊಬ್ಬಳು ಕಣ್ಣಿಗೆ ಪೆಟ್ಟಾಗಿ ಬಂದ್ಲು.

"ಬಾಗಿಲು ತಗುಲ್ತು" ಅಂದ್ರು ಅವರಮ್ಮ.

ಡಾಕ್ಟ್ರು ಕಣ್ಣು ನೋಡಿದ್ರು, ನಾನು ಮುಖ ನೋಡ್ದೆ. ಬಾಗಿಲು ತಗುಲಿದ್ರೆ ಮೊದಲು ಹುಬ್ಬಿಗೋ ಕೆನ್ನೆಗೋ ತಾನೇ ಏಟು? ಅಲ್ಲಿ ಒಂದು ಗೀರೂ ಇಲ್ಲ. ಮೆಲ್ಲಗೆ ಕೇಳಿದೆ, "ನೀನೇ ಮಾಡ್ಕೊಂಡ್ಯಾ ಕಂದ?"

"ಹೂಂ ಆಯಮ್ಮ. ಕಿವೀಲಿ ಯಾರೋ ಹೇಳ್ತಾರೆ. ಇನ್ನೊಂದು ಕಣ್ಣೂ ಬೇಡ ಅಂತಿದ್ದಾರೆ."

ಅವಳ ಕೈ ಬಿಡದೇ ಕೂಗಿದೆ, "ಸಾರ್, ಮನಸ್ಸಿನ ಡಾಕ್ಟ್ರನ್ನೂ ಕರೆಸಿ."

ಅವರಮ್ಮ ಅತ್ರು. "ಹುಚ್ಚಿ ಅಂತಾರೆ ಕಣಮ್ಮ, ಯಾರು ಕಟ್ಕೊಳ್ತಾರೆ?"

"ಕಾಯಿಲೆ ಅನ್ನಿ. ಮೊದಲು ಕಣ್ಣು ಉಳೀಲಿ."

ಉಳೀತು. ಪೆಟ್ಟಾದ ಕಣ್ಣು ಮಾತ್ರ ಮಂಜು ಮಂಜು. ಹುಡುಗಿ ಈಗ್ಲೂ ಮಾತ್ರೆ ತಗೊಳ್ತಾಳೆ, ಕೆ.ಆರ್. ಪುರದಲ್ಲಿ ಬ್ಲೌಸ್ ಹೊಲೀತಾಳೆ. ಅವರಮ್ಮ ಯಾರು ಕೇಳಿದ್ರೂ ನಿಜಾನೇ ಹೇಳ್ತಾರೆ. ಡಾಕ್ಟ್ರು ದೊಡ್ಡ ಡಾಕ್ಟ್ರಾದ್ರು. ಮೊನ್ನೆ ಅವರೇ ನನ್ನ ಕಣ್ಣಿನ ಪೊರೆ ತೆಗೆದ್ರು. ಅವರ ಆಸ್ಪತ್ರೆ ಆಯಾಗೆ ಮಲ್ಕೊಂಡೇ ಕೆಲಸ ಹೇಳ್ಕೊಟ್ಟು ಬಂದೆ.