ಹಿಂದಲೆಗೆ ಬೇಕಾದ ಕೈ

ಅಕ್ಕತಂಗಿಯರಿಬ್ಬರಿಗೂ ಕೂದಲು ಬಂದದ್ದು ತಾಯಿಯಿಂದ. ಹಟವೂ ಅಲ್ಲಿಂದಲೇ ಬಂತು. ಒಂದೊಂದು ಸುರುಳಿಯೂ ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗಿನಷ್ಟು ಬಿಗಿ. ನೋಡಿದವರು ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲು ಎಂದುಕೊಳ್ಳುತ್ತಿದ್ದರು. ಒದ್ದೆ ಮಾಡಿ ಒಂದೆಳೆ ಹಿಡಿದು ಜಗ್ಗಿದರೆ ಬೆನ್ನಿನ ನಡುವಿಗೆ ಬರುತ್ತಿತ್ತು, ಬಿಟ್ಟರೆ ಮತ್ತೆ ಕಿವಿಯ ಪಕ್ಕ ಹೋಗಿ ಕೂರುತ್ತಿತ್ತು. ಈ ಗುಟ್ಟು ಮನೆಯ ಹೆಂಗಸರಿಗೆ ಮಾತ್ರ ಗೊತ್ತು. ಉಳಿದ ಲೋಕಕ್ಕೆ ಗೊತ್ತಿದ್ದದ್ದು ಒಂದೇ ಉಪದೇಶ: "ಸ್ವಲ್ಪ ಎಣ್ಣೆ ಹಚ್ಚಬಾರದಾ?"

ಅದನ್ನು ಕೇಳಿದರೆ ತಾಯಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. "ಬಾಯಾರಿದವರಿಗೆ ಯಾರಾದ್ರೂ ಎಣ್ಣೆ ಕುಡಿಸ್ತಾರಾ? ಮೊದಲು ನೀರು. ಕುಡಿದ ನೀರು ಓಡಿಹೋಗದ ಹಾಗೆ ಬಾಗಿಲು ಹಾಕೋಕೆ ಎಣ್ಣೆ" ಎನ್ನುತ್ತಿದ್ದಳು. ಒಣ ಕೂದಲಿಗೆ ಎಣ್ಣೆ ಮೆತ್ತಿದರೆ ಮೇಲೆ ಮಿಂಚುತ್ತದೆ, ಒಳಗೆ ಪಟಪಟ ಮುರಿಯುತ್ತದೆ. ಅವಳದು ಬೇರೆಯೇ ಕ್ರಮ. ತಲೆಯನ್ನು ನಾಲ್ಕು ಪಾಲು ಮಾಡಿ ಕ್ಲಿಪ್ಪು ಹಾಕುವಳು. ಕೂದಲು ಭಾರವಾಗುವ ತನಕ ನೀರು ಚಿಮುಕಿಸಿ, ಬೇಯಿಸಿ ಸೋಸಿದ ಅಗಸೆ ಬೀಜದ ಲೋಳೆ ಸವರುವಳು. ಕೊನೆಗೆ ಅಂಗೈಗೆ ಹತ್ತಿದಷ್ಟು ಎಣ್ಣೆ. ತುದಿಯಿಂದ ಬುಡದ ಕಡೆಗೆ ಬೆರಳಲ್ಲೇ ಸಿಕ್ಕು ಬಿಡಿಸಿ, ಎರಡೆರಡು ಎಳೆ ಸೇರಿಸಿ ಹುರಿ ಹೊಸೆಯುವಳು. ಮಲಗುವಾಗ ತಲೆಗೆ ಸ್ಯಾಟಿನ್ ಬಟ್ಟೆ, ಏಕೆಂದರೆ ಹತ್ತಿಯ ದಿಂಬು ಬೆಳಗಾಗುವುದರೊಳಗೆ ಅಷ್ಟೂ ನೀರನ್ನು ಕುಡಿದುಬಿಡುತ್ತದೆ. ವಾರಕ್ಕೊಮ್ಮೆ, ಭಾನುವಾರ, ಹೆಣ್ಣುಮಕ್ಕಳಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಅವಳ ಮೊಣಕಾಲುಗಳ ನಡುವೆ ಕೂರಬೇಕಿತ್ತು. ದೊಡ್ಡವರಾಗಿ, ಅಕ್ಕ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಇದು ತಪ್ಪಲಿಲ್ಲ. ಅಕ್ಕನ ಗಂಡ ತೀರಿಕೊಂಡ ಮೇಲೂ ತಪ್ಪಲಿಲ್ಲ.

ತಂಗಿ ಮದುವೆಯ ಗೋಜಿಗೆ ಹೋಗಲಿಲ್ಲ. ತಾಯಿಯ ಜೊತೆಗೇ ಉಳಿದು, ದೊಡ್ಡದೊಂದು ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಮೇಜಿನ ಹೊದಿಕೆ. ಆ ಕೋಣೆಯ ಬಿಸಿಗಾಳಿಗೆ ಸೋಮವಾರ ರೇಷ್ಮೆಯಂತಿದ್ದ ಕೂದಲು ಗುರುವಾರದ ಹೊತ್ತಿಗೆ ಪಾತ್ರೆ ತಿಕ್ಕುವ ನಾರಾಗುತ್ತಿತ್ತು. ಜೊತೆಗಾರ್ತಿಯರು ಅವಳನ್ನು 'ಗೂಡು' ಎಂದೇ ಕರೆಯುತ್ತಿದ್ದರು. "ಗೂಡೂ, ಮೊಟ್ಟೆ ಇಟ್ಟಿದೆಯಾ ನೋಡೇ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮನುಷ್ಯ ಸುಮ್ಮನೆ ನಗುವುದನ್ನು ಕಲಿತರೆ ಅರ್ಧ ಜಗಳ ತಪ್ಪುತ್ತದೆ. ಆದರೆ ಅವಳಿಗೆ ತಪ್ಪಿಸಲಾಗದ ಜಗಳ ಒಂದು ಮನೆಯಲ್ಲೇ ಹುಟ್ಟಿತು.

ತಾಯಿ ಕಾಯಿಲೆ ಬಿದ್ದಾಗ ತಂಗಿ ಅಕ್ಕನಿಗೆ ಹೇಳಿ ಕಳಿಸಲಿಲ್ಲ. ಇವತ್ತು ಏಳುತ್ತಾಳೆ, ನಾಳೆ ಏಳುತ್ತಾಳೆ ಎಂದುಕೊಂಡಳು. ತಾಯಿ ಏಳಲಿಲ್ಲ. ಎಲ್ಲ ಮುಗಿದ ಮೇಲೆ ಓಡಿಬಂದ ಅಕ್ಕ ಬಾಗಿಲಲ್ಲೇ ಕೇಳಿದಳು: "ಒಂದು ಮಾತು ತಿಳಿಸಬಾರದಿತ್ತಾ?" ಮೂರು ರಾತ್ರಿ ನಿದ್ದೆಗೆಟ್ಟಿದ್ದ ತಂಗಿ ಹೇಳಿದಳು: "ತಿಳಿಸಿದ್ರೆ ಬರ್ತಿದ್ಯಾ ನೀನು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು.

ಮಾತೇನೋ ನಿಂತಿತು, ಕೂದಲು ಬೆಳೆಯುವುದು ನಿಲ್ಲಲಿಲ್ಲ. ತಲೆಯ ಮುಂಭಾಗವನ್ನು ಕನ್ನಡಿ ನೋಡಿಕೊಂಡು ಹೇಗೋ ಮಾಡಿಕೊಳ್ಳಬಹುದು. ಹಿಂದಲೆ ಕೈಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಆ ಬಿಗಿ ಸುರುಳಿಗೆ ಎರಡೂ ಬೇಕು. ಇಬ್ಬರೂ ಹಟ ಹಿಡಿದು ವಾರಗಟ್ಟಲೆ ಒಣಗಿದರು. ಹಿಂದಲೆ ಗಂಟುಗಟ್ಟಿ ಕಂಬಳಿಯಂತಾಯಿತು. ಕೊನೆಗೊಂದು ಭಾನುವಾರ ಅಕ್ಕ ಮೂರು ಮಹಡಿ ಹತ್ತಿ ಬಂದಳು. ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ. ಮುಖ ನೋಡದೆ ಒಳಗೆ ಬಂದು, ಗಿಡ್ಡ ಸ್ಟೂಲನ್ನು ಕಾಲಲ್ಲೇ ಎಳೆದುಕೊಂಡು, ತಂಗಿಗೆ ಬೆನ್ನು ಹಾಕಿ ಕೂತಳು. ತಂಗಿ ನೀರು ಚಿಮುಕಿಸಿದಳು. ಆಮೇಲೆ ಜಾಗ ಅದಲುಬದಲಾಯಿತು.

ಅಂದಿನಿಂದ ಒಂಬತ್ತು ವರ್ಷ ಹಾಗೆಯೇ ನಡೆಯಿತು. ಭಾನುವಾರದ ಭಾಷೆಯಲ್ಲಿ ನಾಲ್ಕೇ ಮಾತು: ತಗ್ಗು, ತಿರುಗು, ನೀರು, ಸಾಕು. ನಗುವವರು ನಗಬಹುದು. ಎಷ್ಟೋ ಮನೆಗಳಲ್ಲಿ ಇಷ್ಟೂ ಮಾತಿರುವುದಿಲ್ಲ. ಆದರೆ ತಂಗಿಗೆ ಅದು ಸಾಲದಾಗಿತ್ತು. ವಾರವಿಡೀ ಇಸ್ತ್ರಿ ಉಜ್ಜುತ್ತಾ ಅವಳು "ತಪ್ಪಾಯ್ತು ಅಕ್ಕ" ಎಂಬ ಮಾತನ್ನೂ ಉಜ್ಜಿ ಮಡಿಕೆ ಹಾಕಿ ಇಟ್ಟುಕೊಳ್ಳುತ್ತಿದ್ದಳು. ಭಾನುವಾರ ಬಂದರೆ ಅದು ಗಂಟಲಲ್ಲೇ ಉಳಿಯುತ್ತಿತ್ತು. ಅಕ್ಕ ಎಲ್ಲಿ ಎದ್ದು ಹೋಗಿಬಿಡುತ್ತಾಳೋ, ಇರುವ ನಾಲ್ಕು ಮಾತೂ ಎಲ್ಲಿ ಹೋಗಿಬಿಡುತ್ತವೋ ಎಂಬ ಭಯ. ಬರುವ ವಾರ ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು.

ಅಕ್ಕ ದರ್ಜಿ. ಪೇಟೆಯ ತುದಿಯಲ್ಲಿ ಹಳೆ ಬಟ್ಟೆ ಸರಿಮಾಡುವ ಅಂಗಡಿಯಲ್ಲಿ ಝಿಪ್ಪು ಹಾಕುತ್ತಾ, ಪ್ಯಾಂಟಿನ ಅಂಚು ಮಡಿಸುತ್ತಾ ಬದುಕಿದವಳು. ಒಂದು ಭಾನುವಾರ, ತಂಗಿಗೆ ಬೆನ್ನು ಹಾಕಿಕೊಂಡೇ ಅವಳು ಐದನೆಯ ಮಾತು ಆಡಿದಳು.

"ಬರೋ ವಾರದಿಂದ ಆಸ್ಪತ್ರೆಯಲ್ಲಿ ಔಷಧಿ ಏರಿಸ್ತಾರಂತೆ. ಕೂದಲು ಹೋಗುತ್ತಂತೆ."

"ಯಾವ ಔಷಧಿ?"

"ದೊಡ್ಡ ಕಾಯಿಲೇದು. ನೀರು ಸಾಕು, ಕತ್ತಿಗೆ ಇಳೀತಿದೆ."

ತಂಗಿ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಹೊರಗೆ ನಿಲ್ಲಿಸಿಕೊಂಡು ಕೇಳಿದಳು. ಅವರು ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. "ಸ್ವಲ್ಪ ಕಾಲ ಮುಂದೂಡಬಹುದು, ಅಷ್ಟೇ. ನಿಮ್ಮ ಅಕ್ಕನಿಗೂ ಹೇಳಿದೀನಿ" ಎಂದರು.

ಕೂದಲು ಹೋದದ್ದು ತಂಗಿಯ ಕೈಯಲ್ಲೇ. ನೀರು ಚಿಮುಕಿಸಿ ಎಡಗಡೆಯ ಪಾಲಿಗೆ ಬೆರಳು ಹಾಕಿದಳು, ಪಾಲಿಗೆ ಪಾಲೇ ಬೆರಳಿನ ಜೊತೆ ಬಂತು. ಒದ್ದೆಯಾಗಿ, ಉದ್ದಕ್ಕೆ, ಒಂದು ಚೂರೂ ಮುರಿಯದೆ. ಅಷ್ಟು ವರ್ಷ ನೀರುಣಿಸಿ ಸಾಕಿದ ಕೂದಲು.

"ಎಷ್ಟು ಬಂತು?" ಎಂದಳು ಅಕ್ಕ.

"ಸ್ವಲ್ಪ" ಎಂದಳು ತಂಗಿ. ಬಂದದ್ದನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಉಳಿದದ್ದಕ್ಕೆ ಹುರಿ ಹೊಸೆದಳು. ಎರಡು ವಾರದಲ್ಲಿ ಹೊಸೆಯಲು ಏನೂ ಉಳಿಯಲಿಲ್ಲ.

ಇನ್ನು ಅಕ್ಕ ಬರುವುದಿಲ್ಲ ಎಂದುಕೊಂಡಿದ್ದಳು. ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಮಹಡಿ ಮಹಡಿಗೂ ನಿಂತು, ಏದುಸಿರು ಬಿಡುತ್ತಾ ಬಂದು ಹೇಳಿದಳು: "ಕೂತ್ಕೋ." ಔಷಧಿ ಅವಳ ಬೆರಳುಗಳನ್ನೂ ಬಿಟ್ಟಿರಲಿಲ್ಲ. ಕ್ಲಿಪ್ಪು ಜಾರಿ ಬೀಳುತ್ತಿತ್ತು. ಬೈತಲೆ ಸೊಟ್ಟಗಾಗುತ್ತಿತ್ತು. ಹಿಂದೆ ಊಟದ ಹೊತ್ತಿಗೆ ಮುಗಿಯುತ್ತಿದ್ದ ಕೆಲಸ ಮಧ್ಯಾಹ್ನ ಇಳಿದರೂ ಮುಗಿಯುತ್ತಿರಲಿಲ್ಲ. ತಂಗಿ ತಲೆ ತಗ್ಗಿಸಿ ಕೂತು ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದಳು. ಬೋಳಾದ ಅಕ್ಕನ ಎದುರು ತಾನು ತಲೆತುಂಬ ಕೂದಲು ಹೊತ್ತು ಕೂರುವುದೆಂದರೇನು? ಸಾಯುವ ಹೆಂಗಸಿನ ಕೈಯಲ್ಲಿ ಸೇವೆ ಮಾಡಿಸಿಕೊಳ್ಳುವುದೆಂದರೇನು? ಅಕ್ಕ ಋಣವೆಂದು ಬರುತ್ತಿದ್ದಾಳೆ, ಬೇಡವೆನ್ನಲು ಅವಳಿಗೆ ಬಾಯಿಲ್ಲ, ತಾನೇ ಇದನ್ನು ಮುಗಿಸಬೇಕು ಎಂದು ತೀರ್ಮಾನಿಸಿದಳು. ಯಾರನ್ನೂ ಕೇಳದೆ ತೀರ್ಮಾನ ಮಾಡುವುದರಲ್ಲಿ ಅವಳು ಯಾವತ್ತೂ ಗಟ್ಟಿಗಿತ್ತಿ.

ಶನಿವಾರ ಲಾಂಡ್ರಿಯ ಎದುರಿನ ಕ್ಷೌರದಂಗಡಿಗೆ ಹೋಗಿ ಕೂತಳು. ಕ್ಷೌರಿಕ ಯಂತ್ರ ಹಿಡಿದು ಸುತ್ತಮುತ್ತ ನೋಡಿದ.

"ಎಲ್ಲಾನೂ ತೆಗೀಬೇಕಾ ಅಮ್ಮ? ಯೋಚನೆ ಮಾಡಿದೀರಾ?"

"ಮಾಡಿದೀನಿ. ತೆಗೀರಿ."

ಲಾಂಡ್ರಿಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅಕ್ಕನಿಗೋಸ್ಕರ ಎಂದು ತಿಳಿದಾಗ ಮೊಟ್ಟೆಯ ಜೋಕು ಮಾಡಿದವಳೇ ಕಣ್ಣೊರೆಸಿಕೊಂಡಳು. "ಎಂಥ ತ್ಯಾಗ ಕಣೇ ನಿಂದು!" ಎಂದಳು. ತಂಗಿಗೂ ತಾನು ದೊಡ್ಡ ಕೆಲಸ ಮಾಡಿದೆನೆಂದೇ ಅನ್ನಿಸಿತು. ನಾಳೆ ಅಕ್ಕ ನೋಡುತ್ತಾಳೆ, ಮನಸ್ಸು ಕರಗುತ್ತದೆ, ಆಗ ಆ ಮಾತನ್ನೂ ಹೇಳಿಬಿಡಬಹುದು ಎಂದು ಲೆಕ್ಕ ಹಾಕಿದಳು.

ಭಾನುವಾರ ಅಕ್ಕ ಬಂದಳು. ಬಾಗಿಲಲ್ಲಿ ನಿಂತು ನೋಡಿದಳು.

"ಇದೇನೇ ಇದು?"

"ನಿನಗೋಸ್ಕರ ಅಕ್ಕ. ಇನ್ನು ಇಬ್ಬರೂ ಒಂದೇ ಥರ. ಪಾಪ, ನೀನು ಇಷ್ಟು ಮೆಟ್ಟಿಲು ಹತ್ತಿ ಕಷ್ಟಪಡಬೇಕಾಗಿಲ್ಲ."

ಅಕ್ಕ ಸ್ಟೂಲಿನ ಮೇಲೆ ಕೂತಳು. ಎರಡೂ ಕೈ ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಬೇರೆ ಯಾರದ್ದೋ ಕೈ ಎಂಬಂತೆ ನೋಡಿಕೊಂಡಳು.

"ಬೆರಳು ಸತ್ತುಹೋಗಿದೆ ಕಣೇ. ಸೂಜಿ ಹಿಡಿದ್ರೆ ಗೊತ್ತಾಗಲ್ಲ, ಗುಂಡಿ ಗೊತ್ತಾಗಲ್ಲ. ಅಂಗಡಿಯವರು ಸಾಕು ಅಂದ್ರು. ಅನ್ನ ಬಿಸಿನೋ ತಣ್ಣಗೋ ಅದೂ ಗೊತ್ತಾಗಲ್ಲ. ನಿನ್ನ ಒದ್ದೆ ಕೂದಲು ಒಂದು ಗೊತ್ತಾಗ್ತಿತ್ತು."

ತಂಗಿಯ ಕೈ ತನ್ನ ಬೋಳು ತಲೆಗೆ ಹೋಯಿತು.

"ವಾರವೆಲ್ಲ ಭಾನುವಾರಕ್ಕೆ ಕಾಯ್ತಿದ್ದೆ" ಎಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಒಂದು ಲೋಟ ನೀರು ಕುಡಿದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಗಾದೆ ಹೇಳುತ್ತದೆ. ಆ ಬುದ್ಧಿಯನ್ನು ತೆಗೆದುಕೊಂಡು ಏನು ಮಾಡಬೇಕೆಂದು ಯಾವ ಗಾದೆಯೂ ಹೇಳುವುದಿಲ್ಲ. ಮುಂದಿನ ಭಾನುವಾರ ಅಕ್ಕ ಬರಲಿಲ್ಲ. ತಂಗಿಯೇ ಹೋದಳು. ಅಕ್ಕನ ಕೋಣೆಯಲ್ಲಿ ಒಂದು ಮಂಚ, ಮುಚ್ಚಿಟ್ಟ ಹೊಲಿಗೆ ಯಂತ್ರ, ಕಿಟಕಿಯಾಚೆ ಎದುರು ಮನೆಯ ನೀರಿನ ಕೊಳವೆ. ಅಕ್ಕ ಗೋಡೆಗೊರಗಿ ಕೂತಿದ್ದಳು. ತಂಗಿ ಮಂಚದ ಕೆಳಗೆ ನೆಲದ ಮೇಲೆ, ಅಕ್ಕನಿಗೆ ಬೆನ್ನು ಹಾಕಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅಕ್ಕನ ಕೈ ಬಂತು. ಹಿಂದಲೆಯ ಮೇಲೆ ಆಚೆಗೆ ಈಚೆಗೆ ಸರಿದಾಡಿತು.

"ಏನೂ ಗೊತ್ತಾಗ್ತಿಲ್ಲ" ಎಂದಳು ಅಕ್ಕ.

ಆಗ ತಂಗಿ ಒಂಬತ್ತು ವರ್ಷದ ಮಾತನ್ನು ಹೊರಗೆ ಹಾಕಿದಳು. ಅಕ್ಕ ಎದ್ದು ಹೋಗುವ ಭಯ ಇನ್ನು ಇರಲಿಲ್ಲ. ಅಕ್ಕನಿಗೆ ಏಳಲು ಆಗುತ್ತಿರಲಿಲ್ಲ.

"ಅಮ್ಮ ಹೋದ ದಿನ ನಿನಗೆ ಹಾಗಂದಿದ್ದು ತಪ್ಪಾಯ್ತು ಅಕ್ಕ. ತಿಳಿಸಿದ್ರೆ ಬರ್ತಿದ್ಯಾ ಅಂತ ಕೇಳಬಾರದಿತ್ತು ನಾನು."

ಕೈ ನಿಂತಿತು.

"ನೀನು ಕೇಳಿದ್ದು ಸರಿಯಾಗೇ ಇತ್ತು" ಎಂದಳು ಅಕ್ಕ. "ಬರ್ತಿರ್ಲಿಲ್ಲ ಕಣೇ ನಾನು. ಅಮ್ಮನಿಗೆ ಹುಷಾರಿಲ್ಲ ಅಂತ ಪಕ್ಕದ ಬೀದಿಯವಳು ಮೊದಲೇ ಹೇಳಿದ್ಲು. ಅಂಗಡಿಯಲ್ಲಿ ಮದುವೆ ಬಟ್ಟೆಗಳ ರಾಶಿ ಇತ್ತು. ಭಾನುವಾರ ಹೇಗಿದ್ರೂ ಹೋಗ್ತೀನಲ್ಲ ಅಂದ್ಕೊಂಡೆ. ನಿನ್ನ ಮುಖ ನೋಡಿ ಮಾತಾಡೋಕೆ ಆಗ್ಲಿಲ್ಲ ನನಗೆ. ಅಷ್ಟೇ ಇದ್ದದ್ದು. ಸಿಟ್ಟೇನಿರಲಿಲ್ಲ."

ಕ್ಷಮಿಸಲು ಏನೂ ಇರಲಿಲ್ಲ. ಇದ್ದದ್ದು ಒಂಬತ್ತು ವರ್ಷದ ಭಾನುವಾರಗಳು, ಅವು ಕಳೆದುಹೋಗಿದ್ದವು. ತಂಗಿ ತಿರುಗಿ ನೋಡಲಿಲ್ಲ.

"ಬೆಳೆಯುತ್ತೆ ಅಕ್ಕ" ಎಂದಳು. "ಒಂದು ಬೆರಳಷ್ಟು ಬಂದ್ರೆ ಹಿಡಿಯೋಕೆ ಸಿಗುತ್ತೆ. ಆಗ ನೀನೇ ಹುರಿ ಹೊಸೀಬೇಕು."

"ಹೂಂ, ನೋಡೋಣ" ಎಂದಳು ಅಕ್ಕ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ.

ಅಲ್ಲಿಂದ ಮುಂದೆ ತಂಗಿ ದಿನವೂ ಬೆಳಗ್ಗೆ ಆ ಬೋಳು ತಲೆಗೆ ನೀರು ಚಿಮುಕಿಸಿಕೊಂಡು ಕೆಲಸಕ್ಕೆ ಹೋದಳು. ನೀರು ಹಾಕಿದರೆ ಕೂದಲು ಬೇಗ ಬೆಳೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು; ಆಗಲೇ ಬೆಳೆದಿರುವ ಕೂದಲಿಗಷ್ಟೇ ನೀರಿನ ಉಪಯೋಗ. ಸಂಜೆ ಅಕ್ಕನ ಕೋಣೆಗೆ ಹೋಗಿ ನೆಲದ ಮೇಲೆ ಬೆನ್ನು ಹಾಕಿ ಕೂರುತ್ತಿದ್ದಳು. ಅಕ್ಕ ಮುಟ್ಟಿ ನೋಡುತ್ತಿದ್ದಳು, "ಇಲ್ಲ" ಎನ್ನುತ್ತಿದ್ದಳು. ಕೊನೆಕೊನೆಗೆ ಕೈ ಎತ್ತಲಾಗದೆ ಹೋಯಿತು. ಆಗ ತಂಗಿಯೇ ತಲೆಯನ್ನು ಮಂಚದ ಅಂಚಿಗೆ, ಆ ಬೆರಳುಗಳ ಕೆಳಗೆ ಒಯ್ದು ಇಡುತ್ತಿದ್ದಳು.

ಅಕ್ಕ ಹೋದ ದಿನ ತಂಗಿಯ ಹಿಂದಲೆಯಲ್ಲಿ ಅಕ್ಕಿಕಾಳಿನಷ್ಟು ಕೂದಲು ಬಂದಿತ್ತು. ಹಿಡಿಯಲು ಸಿಗುವಷ್ಟು ಇರಲಿಲ್ಲ.