ಹದಿನಾಲ್ಕು ಚೌಕಗಳ ಮಹಾಸಭೆ

ಬು ಮುರ್ತಿನಿಗೆ, ಅಂದರೆ ಮುರ್ತಿನಿ ಅಮ್ಮನಿಗೆ, ಸಿಟ್ಟು ಬಂದಿದೆ ಎನ್ನುವುದು ಜಾವಾದ ವುಕಿರ್‌ಜಾಟಿಯಲ್ಲಿ ಸುದ್ದಿಯೇ ಅಲ್ಲ. ಬಂದಿಲ್ಲ ಎಂದರೆ ಮಾತ್ರ ಜನ ಕೈಕೆಲಸ ಬಿಟ್ಟು ಎದ್ದು ಬಂದು, ಮೈ ಹುಷಾರಿದೆಯೇ ಎಂದು ವಿಚಾರಿಸುತ್ತಾರೆ. ಏಳನೆಯ ವಯಸ್ಸಿನಲ್ಲಿ ಬಟ್ಟೆಯ ಮೇಲೆ ತಪ್ಪಾಗಿ ಬಿದ್ದ ಒಂದು ಮೇಣದ ಹನಿಯ ಮೇಲೆ ಅವಳಿಗೆ ಮೊದಲ ಸಿಟ್ಟು ಬಂತು. ಆಮೇಲೆ ಅದು ಮನೆಯವರ ಮೇಲೆ, ನೆರೆಯವರ ಮೇಲೆ, ಒಬ್ಬಿಬ್ಬರು ಮಂತ್ರಿಗಳ ಮೇಲೆ ಹರಡುತ್ತ ಹೋಯಿತು. ಇಪ್ಪತ್ತೆರಡಕ್ಕೆ ಅವಳು ದಲಿಜೊನನ್ನು ಮದುವೆಯಾದಳು. ಮದುವೆ ಮನೆಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವುದು ಅವನ ವೃತ್ತಿ. ಆಳೆತ್ತರದ ಸ್ಪೀಕರುಗಳ ಪಕ್ಕದಲ್ಲೇ ಕೂತು ನಿದ್ದೆ ಮಾಡಬಲ್ಲ ಗಂಡಸು ಸುತ್ತಲ ಹಳ್ಳಿಗಳಲ್ಲಿ ಅವನೊಬ್ಬನೇ ಇದ್ದುದರಿಂದ ಜೋಡಿ ಸರಿಹೋಯಿತು ಎಂದು ಊರವರು ಹೇಳುತ್ತಾರೆ.

ಐವತ್ತನಾಲ್ಕಕ್ಕೆ ಬರುವ ಹೊತ್ತಿಗೆ ಅವಳ ಸಿಟ್ಟೆಲ್ಲ ಹರಿದು ಬಂದು ಒಂದೇ ಕಡೆ ನಿಂತಿತ್ತು. ಅದು ಊರೆಲ್ಲ ಪಾಕ್, ಅಂದರೆ ಯಜಮಾನರು, ಎನ್ನುವ ಸಗಟು ವ್ಯಾಪಾರಿ ಹಾರ್ದೊಯೊನ ಮೇಲೆ. ಸುರಬಾಯ, ಜಕಾರ್ತ, ಸಿಂಗಪುರದ ಅಂಗಡಿಯವರನ್ನು ಕರೆಸಿ ವರ್ಷಕ್ಕೊಮ್ಮೆ ನಡೆಸುವ ಖರೀದಿ ದಿನ ಹತ್ತು ವರ್ಷದಿಂದ ಅವನ ಸಂಘದ ಕೈಯಲ್ಲಿತ್ತು. ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಬಾಟಿಕ್ ಬರೆಯುವವರು, ಚರ್ಮದ ಗೊಂಬೆ ಕೊರೆಯುವವರು, ಬಿದಿರು ಹೆಣೆಯುವವರು ತಮ್ಮ ಸಾಮಾನನ್ನು ಅವನಿಗೆ ಕೊಡಬೇಕು, ಅವನು ಅಂಗಡಿಯವರಿಗೆ ಕೊಡುತ್ತಾನೆ. ಒಮ್ಮೆ ಖರೀದಿ ದಿನ ನಡೆಯುತ್ತಿದ್ದ ಯೋಗ್ಯಕರ್ತ ನಗರದ ಹೋಟೆಲಿಗೆ ಹಠ ಮಾಡಿ ನುಗ್ಗಿದ ಮುರ್ತಿನಿ, ಮೂರು ತಿಂಗಳು ಕೂತು ಬರೆದ ತನ್ನ ಬಟ್ಟೆಯನ್ನು ಒಂದು ಪ್ಲಾಸ್ಟಿಕ್ ಬೊಂಬೆಯ ಮೈಮೇಲೆ ಕಂಡಳು. ಬಟ್ಟೆಗೆ ಒಂದು ಚೀಟಿ ತಗುಲಿತ್ತು, ಚೀಟಿಯ ಮೇಲೆ ಒಂದು ಹೆಸರಿತ್ತು, ಆ ಹೆಸರು ಹಾರ್ದೊಯೊನದು. ಬೊಂಬೆಯ ಕೈ ಮುರಿದದ್ದು ತನ್ನಿಂದಲ್ಲ, ಅದು ಮೊದಲೇ ಸಡಿಲವಾಗಿತ್ತು ಎಂದು ಅವಳು ಇಂದಿಗೂ ವಾದಿಸುತ್ತಾಳೆ.

ಸರ್ಕಾರಿ ಕಚೇರಿಯ ಮೆಟ್ಟಿಲನ್ನು ಅವಳು ಎರಡು ವರ್ಷ ಸವೆಸಿದಳು. ಕೊನೆಗೆ ಪಾಕ್ ತ್ರಿಯೊನೊ ಎಂಬ ಅಧಿಕಾರಿ ಸೋತ. ಅವನು ಮೃದು ಸ್ವಭಾವದವನು, ನಿಯಮದ ಪುಸ್ತಕವನ್ನು ಮಗುವಿನಂತೆ ಎದೆಗೊತ್ತಿಕೊಂಡು ಓಡಾಡುವವನು. ಈ ವರ್ಷ ಖರೀದಿ ದಿನ ಹೋಟೆಲಿನಲ್ಲಲ್ಲ, ಆನ್‌ಲೈನಿನಲ್ಲಿ ನಡೆಯಬೇಕು, ಅದನ್ನು ಸಣ್ಣ ಕುಶಲಕರ್ಮಿಗಳೇ ನಡೆಸಲಿ, ಎಂದು ಅವನು ಒಪ್ಪಿದ. ಒಂದು ಷರತ್ತು ಮಾತ್ರ ಇಟ್ಟ. ಬೆಳಗಿನ ಸಭೆಗೆ ಕಡಿಮೆಯೆಂದರೆ ನೂರು ಮಂದಿ ಕುಶಲಕರ್ಮಿಗಳು ಬಂದಿರಬೇಕು. ಹನ್ನೊಂದು ಗಂಟೆಗೆ ಅವನು ತಲೆ ಎಣಿಸಿ ಮೇಲಕ್ಕೆ ವರದಿ ಕಳಿಸುತ್ತಾನೆ. ನೂರಿದ್ದರೆ ಮಧ್ಯಾಹ್ನ ಅಂಗಡಿಯವರು ನೇರವಾಗಿ ಇವರ ಜೊತೆ ಮಾತಾಡುತ್ತಾರೆ. ಒಬ್ಬ ಕಡಿಮೆಯಾದರೂ ಖರೀದಿ ದಿನ ಹಾರ್ದೊಯೊನ ಸಂಘಕ್ಕೆ ಮರಳುತ್ತದೆ, ಮುಂದಿನ ಐದು ವರ್ಷಕ್ಕೆ.

ಹೀಗೆ ಬು ಮುರ್ತಿನಿ ಸಭೆ ಕಟ್ಟಲು ಕೂತಳು. ಬಾಟಿಕ್ ನಮೂನೆ ಬರೆಯುವ ದೊಡ್ಡ ಕಾಗದದ ಮೇಲೆ, ಸೇನಾಪತಿ ವ್ಯೂಹ ಬರೆದಂತೆ, ಇಡೀ ದಿನವನ್ನು ಪೆನ್ಸಿಲಿನಲ್ಲಿ ಬರೆದಳು. ನಡುವೆ ಎಲ್ಲರೂ ಸೇರುವ ಹಜಾರ, ಸುತ್ತ ಇಪ್ಪತ್ತೆರಡು ಸಣ್ಣ ಕೋಣೆ, ಎಲ್ಲವೂ ಪರದೆಯ ಮೇಲಿನವೇ, ಕೋಣೆಗೊಬ್ಬರು ಅಂಗಡಿಯವರು, ಒಬ್ಬೊಬ್ಬ ಕುಶಲಕರ್ಮಿಗೆ ಕಾಲು ಗಂಟೆ. ಮದುವೆ ಚಪ್ಪರದಲ್ಲಿ ಸಾವಿರ ಜನರನ್ನು ಊಟಕ್ಕೆ ಕೂರಿಸಿ ಎಬ್ಬಿಸಿ ಅನುಭವವಿದ್ದ ದಲಿಜೊ, ಒಂದು ಕೋಣೆಯಿಂದ ಹೊರಬಂದವರು ಮುಂದಿನ ಕೋಣೆಗೆ ಹೋಗುವಾಗ ದಾರಿಯಲ್ಲಿ ಕಳೆದುಹೋಗದಂತೆ ನಡುವೆ ಐದೈದು ನಿಮಿಷ ಬಿಡಿಸಿದ. ಭಾಷಣಕ್ಕೆ ತಲಾ ಏಳೇ ನಿಮಿಷ ಎಂದು ಅವಳು ಬರೆದಾಗ ಅವನು ಕೆಮ್ಮಿದ. ನಮ್ಮ ಕಡೆ ದೇವರಿಗೂ ಹಿರಿಯರಿಗೂ ನಮಸ್ಕಾರ ಹೇಳಿ ಮುಗಿಸಲಿಕ್ಕೇ ಏಳು ನಿಮಿಷ ಬೇಕು ಎಂದ. ಹಾಗಾದರೆ ನಮಸ್ಕಾರ ಹೇಳಿ ಇಳಿದುಹೋಗಲಿ ಎಂದಳು.

ಆಮೇಲೆ ಮೂರು ವಾರ ಸ್ಕೂಟರಿನಲ್ಲಿ, ತನ್ನೂರೂ ಸೇರಿ, ಹದಿನಾಲ್ಕು ಹಳ್ಳಿ ಸುತ್ತಿದಳು. ಫೋನಿನಲ್ಲಿ ಲಿಂಕ್ ಒತ್ತುವುದು ಹೇಗೆ, ಮೈಕು ಮುಚ್ಚುವುದು ಹೇಗೆ, ಎಲ್ಲ ಕಲಿಸಿದಳು. ಒಬ್ಬರಿಗೆ ಒಂದು ಫೋನು, ಅವರವರು ಅವರವರ ಮನೆಯಲ್ಲೇ ಕೂರಬೇಕು ಎಂದು ಕೈಬೆರಳಿನಲ್ಲಿ ಎಣಿಸಿ ಹೇಳಿದಳು. ನೂರಾ ಹನ್ನೆರಡು ಜನ ನೂರಾ ಹನ್ನೆರಡು ಸಲ ತಲೆಬಾಗಿಸಿ "ಇಂಗಿಹ್" ಎಂದರು. ಇಂಗಿಹ್ ಅಂದರೆ ಆಗಲಿ ಎಂದು ಅರ್ಥ. ಆಗುತ್ತದೆ ಎಂದು ಅರ್ಥವಲ್ಲ. ಇದು ಜಾವಾದಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಗೆಲುವಿನ ಗುಂಗಿನಲ್ಲಿದ್ದ ಬು ಮುರ್ತಿನಿ ಮಾತ್ರ ಮರೆತಳು.

ಆ ದಿನ ಬೆಳಿಗ್ಗೆ ಎಂಟೂವರೆಗೆ ದಲಿಜೊ ಪರದೆ ತೆರೆದ. ಒಂದು ಚೌಕದಲ್ಲಿ ತ್ರಿಯೊನೊ, ಒಂದರಲ್ಲಿ ಕಚೇರಿಯವರು ಕರೆದ ಮುಖ್ಯ ಅತಿಥಿ ಹಾರ್ದೊಯೊ. ಅಂಗಡಿಯವರು ಮುಖ ತೋರಿಸದೆ ಬರೀ ಹೆಸರಾಗಿ ಕೆಳಗೆ ಸಾಲಾಗಿ ಕೂತಿದ್ದರು. ಕುಶಲಕರ್ಮಿಗಳ ಚೌಕಗಳು ಒಂದೊಂದಾಗಿ ಹೊತ್ತಿಕೊಂಡವು. ಒಂಬತ್ತಕ್ಕೆ ಹದಿನಾಲ್ಕಾದವು. ಒಂಬತ್ತೂಕಾಲಿಗೆ ಹದಿನಾಲ್ಕು. ಒಂಬತ್ತೂವರೆಗೂ ಹದಿನಾಲ್ಕೇ.

ಪ್ರತಿ ಚೌಕದೊಳಗೂ ಒಂದು ಚಾಪೆ. ಚಾಪೆಯ ಮೇಲೆ ಆರೇಳು ಜನ, ಬಿಸಿ ಚಹಾದ ಗ್ಲಾಸು, ಬಾಳೆಲೆಯಲ್ಲಿ ಸುತ್ತಿದ ತಿಂಡಿ. ಎಲ್ಲರೂ ಒಗೆದ ಬಟ್ಟೆ ಉಟ್ಟು, ಹಳ್ಳಿಗೊಂದು ಮನೆಯಲ್ಲಿ ಒಂದೇ ಫೋನಿನ ಮುಂದೆ ಗಂಭೀರವಾಗಿ ಕೂತಿದ್ದರು. ಕೆಲವರ ಮಡಿಲಲ್ಲಿ ಕೆಲಸವೂ ನಡೆದಿತ್ತು.

ಮುರ್ತಿನಿಯ ಕಿವಿ ಕೆಂಪಾಯಿತು. ಮೊದಲ ಚೌಕದಲ್ಲಿದ್ದ ಗೊಂಬೆ ಕೊರೆಯುವ ಮುದುಕನನ್ನು ಹಿಡಿದಳು. ಅವರವರ ಮನೆಯಲ್ಲಿ ಕೂರಿ ಅಂತ ಹೇಳಿರಲಿಲ್ಲವೇ ಎಂದು ಕೇಳಿದಳು.

"ಹೇಳಿದ್ರಿ ಬು," ಎಂದ ಮುದುಕ. "ಆದ್ರೆ ಸಭೆ ಅಂದ್ರಲ್ಲ. ಸಭೆ ದಿನ ಮನೇಲಿ ಒಬ್ಬೊಬ್ಬರೇ ಕೂರೋಕೆ ನಮಗೇನು ಜ್ವರ ಬಂದಿದ್ಯಾ, ಇಲ್ಲಾ ನೆರೆಯೋರ ಜೊತೆ ಜಗಳ ಆಗಿದ್ಯಾ?"

"ಮತ್ತೆ ಇಂಗಿಹ್ ಅಂದ್ರಲ್ಲ?"

"ಬಿಸಿಲಲ್ಲಿ ಅಷ್ಟು ದೂರದಿಂದ ಬಂದಿದ್ರಿ. ಇಲ್ಲ ಅಂದ್ರೆ ನೀವು ಬೇಜಾರು ಮಾಡ್ಕೋತಿರ್ಲಿಲ್ವಾ?"

ಅವಳು ಬಾಯಿ ತೆರೆದಳು. ಇವರಿಗೆ ಬುದ್ಧಿ ಇಲ್ಲ ಎಂದು ಸಾರಲು ದಲಿಜೊನ ಕಡೆ ತಿರುಗಿದಳು. ಅವನು ಗದ್ದ ಎತ್ತಿ ಅವಳ ಬೆನ್ನ ಹಿಂದೆ ತೋರಿಸಿದ. ಅಲ್ಲಿ, ಹದಿನಾಲ್ಕನೆಯ ಚೌಕವಾಗಿದ್ದ ಅವಳದೇ ಹಜಾರದಲ್ಲಿ, ನಿನ್ನೆ ಅವಳೇ ಹಾಸಿದ ಚಾಪೆಯ ಮೇಲೆ, ಹನ್ನೊಂದು ಜನ ನೆರೆಯವರು ಕೂತು ಅವಳು ಹುರಿಸಿಟ್ಟ ಕಡಲೆಕಾಯಿ ಬಿಡಿಸುತ್ತಿದ್ದರು. ಹಿಂದೆ ಅಡುಗೆಮನೆಯಲ್ಲಿ ಅವಳೇ ಇಡಿಸಿದ ಅನ್ನದ ಹಂಡೆ ಕುದಿಯುತ್ತಿತ್ತು. ಇವರನ್ನೆಲ್ಲ ಕರೆದದ್ದು ಯಾವಾಗ ಎಂದು ಅವಳಿಗೇ ನೆನಪಿರಲಿಲ್ಲ. ಸಭೆ ಎಂದ ಮೇಲೆ ಕೈ ತಾನೇ ಚಾಪೆ ಹಾಸಿತ್ತು.

ತ್ರಿಯೊನೊ ಗಂಟಲು ಸರಿಮಾಡಿಕೊಂಡು, ಹದಿನಾಲ್ಕು ಎಂದ. ಬಹಳ ವಿಷಾದದಿಂದಲೇ ಎಂದ. ಹಾರ್ದೊಯೊ ನಗಲಿಲ್ಲ, ಭಾಷಣದ ಹಾಳೆಗಳನ್ನು ಸಮಾಧಾನವಾಗಿ ಜೋಡಿಸಿಕೊಂಡ. ಆ ಸಮಾಧಾನವೇ ಅವಳ ಮೈಗೆ ಬೆಂಕಿ ಹಚ್ಚಿತು. ನಿಯಮದಲ್ಲಿ ಚೌಕ ಅಂತ ಬರೆದಿದೆಯೋ ಕುಶಲಕರ್ಮಿ ಅಂತ ಬರೆದಿದೆಯೋ, ಓದಿ ಹೇಳಿ ಎಂದು ಅಬ್ಬರಿಸಿದಳು. ತ್ರಿಯೊನೊ ಓದಿದ. ಮತ್ತೊಮ್ಮೆ ಓದಿದ. ಕುಶಲಕರ್ಮಿ ಎಂದೇ ಇತ್ತು. ನಿಯಮದ ಮುಂದೆ ಅವನದೇನೂ ನಡೆಯುವಂತಿರಲಿಲ್ಲ. ಸರಿ, ಒಬ್ಬೊಬ್ಬರೂ ಕ್ಯಾಮರಾದ ಮುಂದೆ ಬಂದು ಹೆಸರು ಹೇಳಲಿ, ಮಾಡುವ ಕೆಲಸ ಹೇಳಲಿ, ನಾನು ಗೀಟು ಹಾಕುತ್ತೇನೆ, ಆದರೆ ಹನ್ನೊಂದಕ್ಕೆ ಹನ್ನೊಂದೇ ಎಂದ.

ಆಗ ಮುಖ್ಯ ಅತಿಥಿಗಳ ಭಾಷಣದ ಸಮಯ. ಹಾರ್ದೊಯೊ ಹದಿನೆಂಟು ಹಾಳೆ ಎತ್ತಿಕೊಂಡು, ಪರಂಪರೆ ಎಂಬ ಪದದಿಂದ ಪ್ರಾರಂಭಿಸಿದ. ಅಷ್ಟರಲ್ಲಿ ದಲಿಜೊನ ಬೆರಳು ಜಾರಿ ಅವನ ಮೈಕು ಮುಚ್ಚಿಹೋಯಿತು. ಮೂವತ್ತು ವರ್ಷದ ವೃತ್ತಿಯಲ್ಲಿ ದಲಿಜೊನ ಬೆರಳು ಜಾರಿದ್ದು ಅದೇ ಮೊದಲು. ಹಾರ್ದೊಯೊ ನಾಲ್ಕು ಹಾಳೆಯಷ್ಟು ಹೊತ್ತು ಮೀನಿನಂತೆ ಬಾಯಿ ಆಡಿಸಿದ ಮೇಲೆ ಅವನಿಗೂ ಅದು ತಿಳಿಯಿತು.

ಅಷ್ಟರಲ್ಲಿ ಎಣಿಕೆ ಸಾಗಿತ್ತು. ಬಂದವರು ಬಂದು, ಬಾಗಿ, ಹೆಸರು ಹೇಳಿ, ಸಂಕೋಚದಿಂದ ಮುಂದೆ ಇನ್ನೊಬ್ಬರನ್ನು ದೂಡಿ ಹೋದರು. ಬಿದಿರಿನವನು ಬುಟ್ಟಿಯ ಸಮೇತ ಬಂದ. ಚರ್ಮದವನು ಅರ್ಧ ಕೊರೆದ ರಾಕ್ಷಸನನ್ನು ಹಿಡಿದು, ಕಣ್ಣು ಇನ್ನೂ ಬಿಡಿಸಿಲ್ಲ ಕ್ಷಮಿಸಿ ಎಂದ. ಕೆಳಗೆ ಅಂಗಡಿಯವರ ಹೆಸರುಗಳು ಒಂದೊಂದಾಗಿ ಮುಖ ತೆರೆದವು. ಹತ್ತು ಐವತ್ತಕ್ಕೆ ಹದಿನಾಲ್ಕನೆಯ ಚೌಕವೂ ಮುಗಿಯಿತು. ತ್ರಿಯೊನೊ ಗೀಟುಗಳನ್ನು ಕೂಡಿಸಿದ. ತೊಂಬತ್ತೊಂದು.

ಇಪ್ಪತ್ತೊಂದು ಜನ ಎಲ್ಲಿ ಸತ್ತರು ಎಂದು ಅವಳು ಕೇಳಿದಳು. ಒಂದು ಹಳ್ಳಿಯಲ್ಲಿ ಹುಡುಗನೊಬ್ಬನ ಸುನ್ನತಿಯ ಊಟ ಇತ್ತಂತೆ. ಅದೇ ಇಂಗಿಹ್ ಅಲ್ಲಿಗೂ ಹೇಳಿದ್ದರಂತೆ. ಅವಳು ಕೂಗಾಡಿದಳು. ಹತ್ತು ನಿಮಿಷದಲ್ಲಿ ಎರಡು ನಿಮಿಷ ಕೂಗಾಟಕ್ಕೇ ಹೋಯಿತು. ಮೂರನೆಯ ನಿಮಿಷದಲ್ಲಿ ಅಡುಗೆಮನೆಯಿಂದ ಮ್ಬಾಹ್ ಗಿಯೆಮ್ ಹೊರಗೆ ಇಣುಕಿ, ಇಷ್ಟು ಜನಕ್ಕೆ ಮೆಣಸಿನಕಾಯಿ ಎಷ್ಟು ಅರೆಯಲಿ ಎಂದು ಕೇಳಿದಳು. ಎಪ್ಪತ್ತು ದಾಟಿದ ಅಜ್ಜಿ. ಊರಿಗೆಲ್ಲ ಮ್ಬಾಹ್, ಅಂದರೆ ಅಜ್ಜಿಯೇ.

ಮುರ್ತಿನಿ ಅವಳನ್ನೇ ನೋಡುತ್ತ ನಿಂತಳು. ಚಾಪೆಯ ಮೇಲೆ ಕೂರುವವರು ಕೂರುತ್ತಾರೆ. ಅವರಿಗೆ ಬೇಯಿಸುವವರು ಹಿಂದೆ ಇರುತ್ತಾರೆ. ಯಾವ ಸಭೆಯಲ್ಲೂ ಅವರ ಹೆಸರು ಬರೆಸಿದವರಿಲ್ಲ. ಅವಳ ನೂರಾ ಹನ್ನೆರಡರ ಪಟ್ಟಿಯಲ್ಲೂ ಇರಲಿಲ್ಲ.

ಅವಳು ಪರದೆಯತ್ತ ತಿರುಗಿ, ಹದಿನಾಲ್ಕು ಮನೆಯ ಅಡುಗೆಮನೆಯಲ್ಲಿರುವವರೆಲ್ಲ ಈಗಿಂದೀಗಲೇ ಹೊರಗೆ ಬರಲಿ ಎಂದು ಆಜ್ಞೆ ಮಾಡಿದಳು. ಯಾರೂ ಬರಲಿಲ್ಲ. ಹೊಗೆ ಬಡಿದ ಮುಖದಲ್ಲಿ ಸಾಹೇಬರ ಮುಂದೆ ಹೇಗೆ ಬರುವುದು ಎಂದು ಒಳಗಿನಿಂದ ಪಿಸುಮಾತು ಕೇಳಿತು. ಅವಳು ಎರಡನೆಯ ಸಲ ಕೂಗಿದಳು. ಅದಕ್ಕೆ ಮೈಕಿನ ಅಗತ್ಯವಿರಲಿಲ್ಲ, ಮೂರು ಹತ್ತಿರದ ಹಳ್ಳಿಗಳಿಗೆ ಗಾಳಿಯಲ್ಲೇ ತಲುಪಿತು ಎನ್ನುತ್ತಾರೆ. ಅರಿಶಿನದ ಕೈಯವರು, ಸೌಟು ಹಿಡಿದವರು, ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗುತ್ತ ಹೊರಗೆ ಬಂದರು. ಮೂವತ್ತೆಂಟು ಹೆಂಗಸರು.

"ಬು, ತಪ್ಪು ತಿಳೀಬೇಡಿ," ಎಂದ ತ್ರಿಯೊನೊ. "ಇವರು ಅಡುಗೆಯವರು. ನಿಯಮದಲ್ಲಿ ಕುಶಲಕರ್ಮಿ ಅಂತಿದೆ. ಈಗಷ್ಟೇ ನೀವೇ ಓದಿಸಿದ್ರಿ."

"ಕೇಳಿ ನೋಡಿ ಅವರನ್ನೇ. ಮ್ಬಾಹ್, ಬಾ ಇಲ್ಲಿ. ಏನು ಕೆಲಸ ಮಾಡ್ತೀಯ ಹೇಳು."

ಮ್ಬಾಹ್ ಗಿಯೆಮ್ ಕೈ ಒರೆಸಿಕೊಂಡು ಕ್ಯಾಮರಾಕ್ಕೆ ಬಹಳ ಹತ್ತಿರ ಬಂದಳು. "ಚುಕ್ಕೆ ಇಡ್ತೀನಿ," ಎಂದಳು. "ಮೇಣದ ಚುಕ್ಕೆ. ಅಗೋ, ಆ ಬಟ್ಟೇಲಿರೋದು."

ಗೋಡೆಯ ಮೇಲೆ ಸಭೆಯ ಶೋಭೆಗೆಂದು ಮುರ್ತಿನಿ ಕಟ್ಟಿದ್ದ ಬಟ್ಟೆ ತೂಗುತ್ತಿತ್ತು. ಹಕ್ಕಿ, ಬಳ್ಳಿ, ಅವುಗಳ ಒಳಗೆಲ್ಲ ಸಾಸಿವೆಯಷ್ಟು ಸಣ್ಣ ಸಾವಿರಾರು ಚುಕ್ಕೆ. ಅದರ ಕೆಳಗೆ ಅವಳೇ ಹೊಲಿದ ಪಟ್ಟಿ: ಮುರ್ತಿನಿಯ ಕೈಬರಹ.

ಅಷ್ಟರಲ್ಲಿ ಹಾರ್ದೊಯೊಗೆ ತನ್ನ ಮೈಕು ತೆರೆಯುವ ಗುಂಡಿ ಸಿಕ್ಕಿತ್ತು. "ಮ್ಬಾಹ್," ಎಂದ ಜೇನಿನಂಥ ದನಿಯಲ್ಲಿ, "ಆ ಬಟ್ಟೆ ಮೇಲೆ ನಿಮ್ಮ ಹೆಸರು ಎಲ್ಲಿದೆ?"

"ನನ್ನ ಹೆಸರು ಯಾಕಪ್ಪ? ಬಟ್ಟೆ ಬು ಅವರದು. ಚುಕ್ಕೆ ಮಾತ್ರ ನಂದು."

"ಹಂಗಾದ್ರೆ ಬು ಮುರ್ತಿನಿ," ಎಂದು ಅವನು ಕುರ್ಚಿಗೆ ಒರಗಿದ, "ನೀವೂ ನಾನೂ ಒಂದೇ ಅಂಗಡಿಯೋರು. ಇಷ್ಟು ದಿನ ಯಾಕೆ ಬೈತಿದ್ರಿ ನನ್ನ?"

ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಮುರ್ತಿನಿಯ ಸಿಟ್ಟು ಗಂಟಲವರೆಗೆ ಬಂದು, ಎಂದಿನಂತೆ ಎದುರಿಗಿದ್ದವನ ಮೇಲೆ ಹಾರಲು ಹೊರಟು, ಅಲ್ಲಿ ಕಾಲೂರಲು ಜಾಗ ಸಿಗದೆ ಹೊರಟಲ್ಲಿಗೇ ಮರಳಿತು. ಇಪ್ಪತ್ತಾರು ವರ್ಷದಿಂದ ಅಜ್ಜಿ ಅವಳ ಬಟ್ಟೆಗೆ ಚುಕ್ಕೆ ಇಡುತ್ತಿದ್ದಳು. ಸಭೆಯ ದಿನ ಅಡುಗೆ ಮಾಡುತ್ತಿದ್ದಳು. ಅಂಗಡಿಯವರೆಲ್ಲ ನೋಡುತ್ತಿದ್ದರು. ಅಲ್ಲ, ಇವರು ಬರೀ ಅಡುಗೆಯವರು ಎಂದರೆ ತನ್ನ ಹೆಸರು ಉಳಿಯುತ್ತಿತ್ತು, ಖರೀದಿ ದಿನ ಹೋಗುತ್ತಿತ್ತು.

"ಹೌದು," ಎಂದಳು. ಆ ಒಂದು ಮಾತನ್ನು ಯಾರಿಗೋ ಹೊಡೆಯುವ ಹಾಗೆ ಹೇಳಿದಳು. "ನೀನು ಮಾಡಿದ್ದನ್ನೇ ನಾನೂ ಮಾಡಿದೀನಿ. ಪಾಕ್ ತ್ರಿಯೊನೊ, ಬರ್ಕೊಳಿ. ಈ ಬಟ್ಟೆ ನಾನೊಬ್ಬಳೇ ಮಾಡಿದ್ದಲ್ಲ. ಅವಳ ಚುಕ್ಕೆ ತೆಗೆದ್ರೆ ಅಲ್ಲಿ ಉಳಿಯೋದು ಬೋಳು ಕೋಳಿ. ಹದಿನಾಲ್ಕು ಮನೇಲೂ ಇದೇ ಕತೆ. ಕೇಳಿ ಒಬ್ಬೊಬ್ಬರನ್ನ, ಯಾರ ಸಾಮಾನಿನಲ್ಲಿ ಯಾರ ಕೈ ಇದೆ ಅಂತ."

ತ್ರಿಯೊನೊ ಗಡಿಯಾರ ನೋಡಿದ, ಪುಸ್ತಕ ನೋಡಿದ. ಎಣಿಕೆ ಹನ್ನೊಂದಕ್ಕೆ ಮುಂಚೆ ಶುರುವಾಗಿದ್ದರೆ ಮುಗಿಸಲು ಅಡ್ಡಿಯಿಲ್ಲ ಎಂಬ ಒಂದು ಸಾಲು ಅವನಿಗೆ ಎಲ್ಲಿಂದಲೋ ಸಿಕ್ಕಿತು. ಅದು ನಿಜವಾಗಿ ಪುಸ್ತಕದಲ್ಲಿತ್ತೇ ಎಂದು ಹಾರ್ದೊಯೊ ಇಂದಿಗೂ ಅರ್ಜಿ ಹಾಕುತ್ತಿದ್ದಾನೆ. ಹೆಂಗಸರು ಬಂದರು. ಗೊಂಬೆಗೆ ಚಿನ್ನದ ಬಣ್ಣ ಹಚ್ಚುವವಳು ಬಂದಳು, ಬುಟ್ಟಿಯ ಅಂಚು ಕಟ್ಟುವವಳು ಬಂದಳು. ಹಜಾರದಲ್ಲಿದ್ದ ಕೆಲವು ಗಂಡಸರು ಚಾಪೆಯ ಹೆಣಿಗೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದರು. ಒಟ್ಟು ನೂರಾ ಇಪ್ಪತ್ತೊಂಬತ್ತು ಎಂದು ವರದಿ ಹೋಯಿತು.

ಎರಡು ಗಂಟೆಗೆ ಕೋಣೆಗಳು ತೆರೆದವು. ನಾಲ್ಕನೆಯ ಕೋಣೆ ಮುರ್ತಿನಿಯದು. ಎರಡು ವರ್ಷದಿಂದ ಕನ್ನಡಿಯ ಮುಂದೆ ತಯಾರು ಮಾಡಿದ ಮಾತಿತ್ತು, ತೊಡಲು ಹಸಿರು ಕೆಬಾಯಾ ರವಿಕೆ ಇತ್ತು. ಸುರಬಾಯದ ಅಂಗಡಿಯ ಹೆಂಗಸು ಪರದೆಯಲ್ಲಿ ಕಾಣಿಸಿಕೊಂಡದ್ದೇ, ಚುಕ್ಕೆಯ ಅಜ್ಜಿ ಎಲ್ಲಿ ಎಂದು ಕೇಳಿದಳು. ಇಷ್ಟು ಒತ್ತಾಗಿ ಇಟ್ಟರೂ ಒಂದಕ್ಕೊಂದು ತಾಗದಂತೆ ಹೇಗೆ ಇಡುತ್ತಾರೆ, ನೋಡಬೇಕಿತ್ತು ಎಂದಳು.

ಮುರ್ತಿನಿ ಕುರ್ಚಿಯಿಂದ ಎದ್ದಳು. ಅಜ್ಜಿಯನ್ನು ಭುಜ ಹಿಡಿದು ಕೂರಿಸಿದಳು. ಮೇಣದ ಒಲೆ ತಂದು ಪಕ್ಕದಲ್ಲಿಟ್ಟಳು. ಬಟ್ಟೆ ಕಾಣುವ ಹಾಗೆ ಫೋನು ಹಿಡಿದು ಹಿಂದೆ ನಿಂತಳು. ಹಾರ್ದೊಯೊನ ಮೇಲೆ, ಸುರಬಾಯದವಳ ಮೇಲೆ, ತನ್ನ ಹಸಿರು ಕೆಬಾಯಾದ ಮೇಲೆ, ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಕುದಿಯುತ್ತಿದ್ದುದರಿಂದ ಅವಳ ಕೈ ನಡುಗುತ್ತಿತ್ತು.

ಮ್ಬಾಹ್ ಗಿಯೆಮ್ ಮೇಣದ ಕೊಳವೆಯ ತುದಿಯನ್ನು ಊದಿದಳು, ಚುಕ್ಕೆಯ ಮೊದಲ ಸಾಲು ಇಟ್ಟಳು, ತಲೆ ಎತ್ತದೆಯೇ ಹೇಳಿದಳು:

"ಕೈ ಅಲ್ಲಾಡಿಸ್ಬೇಡ ಬು. ಅವರಿಗೆ ಕಾಣಲ್ಲ."

ಬು ಮುರ್ತಿನಿ ಎರಡೂ ಕೈಯಲ್ಲಿ ಫೋನನ್ನು ಬಿಗಿಯಾಗಿ ಹಿಡಿದಳು. ಕಾಲು ಗಂಟೆ ಒಂದು ಮಾತೂ ಆಡಲಿಲ್ಲ.